ಹಸಿರು ತಂತಿ

ಗುರುವಾರ ವ್ಯಾನಿನ ಬಾಗಿಲಿಗೆ ಸಿಕ್ಕಿ ನನ್ನ ಎಡಗೈಯ ಎರಡು ಬೆರಳು ಜಜ್ಜಿಹೋದವು. ಬೇಸ್ ಗಿಟಾರಿನ ತಂತಿಗಳು ದಪ್ಪ, ಒತ್ತುವುದಕ್ಕೆ ಬಲ ಬೇಕು. ಮೂರು ವಾರ ಏನನ್ನೂ ಒತ್ತಕೂಡದು ಎಂದು ಡಾಕ್ಟರು ಕಟ್ಟು ಹಾಕಿ ಕಳಿಸಿದರು. ಭಾನುವಾರ ಮಧ್ಯಾಹ್ನ ಬೈರೂತಿನಾಚೆ ಬತ್ರೂನಿನ ಸಮುದ್ರದಂಡೆಯ ಮೀನಿನ ಹೋಟೆಲಿನಲ್ಲಿ ಪ್ರತಿ ಭಾನುವಾರದಂತೆ ನಮ್ಮ ಬ್ಯಾಂಡಿನ ಪ್ರೋಗ್ರಾಂ ಇತ್ತು. ಮಗುವಿಗೆ ಚರ್ಚಿನಲ್ಲಿ ಜ್ಞಾನಸ್ನಾನ ಮಾಡಿಸಿದವರ ಊಟ, ಅರವತ್ತು ಜನ. ಬ್ಯಾಂಡಿನ ಯಜಮಾನ ತನ್ನೂಸ್‌ಗೆ ಫೋನು ಮಾಡಿ ಹೇಳಿದೆ.

“ಬೆರಳು ತಾನೇ? ಕಾಲಲ್ಲಿ ನುಡಿಸು,” ಎಂದ.

“ತಮಾಷೆ ಅಲ್ಲ ಕಣೋ. ಉಗುರೆಲ್ಲ ಕಪ್ಪಗಾಗಿದೆ.”

“ಹನ್ನೊಂದು ವರ್ಷದಲ್ಲಿ ಒಂದು ಭಾನುವಾರ ತಪ್ಪಿಸಿದವನಲ್ಲ ನೀನು. ಈಗ ಹೋಗಿ ಬಾಗಿಲಿಗೆ ಬೆರಳು ಕೊಟ್ಟಿದ್ದೀಯ. ಮುದುಕ ಆದೆ ಬಿಡು, ಓನಿಗ್.” ಆಮೇಲೆ ಸ್ವರ ತಗ್ಗಿಸಿ, “ಆ ಮಾರಲ್‌ನ ಕರೀಲಾ? ನಿಮ್ಮ ಬೀದಿಯ ಹುಡುಗಿ?” ಎಂದ.

“ಕರಿ. ಚೆನ್ನಾಗಿ ನುಡಿಸ್ತಾಳೆ.”

“ಮತ್ತೆ ಪೆಟ್ಟಿಗೆ?”

“ನಂದೇ ತರ್ತೀನಿ. ಅವಳ ಹತ್ರ ಇರೋದು ರೇಡಿಯೋ ಅಷ್ಟಿದೆ.”

ಆ ಮಾತು ಹೇಳುವಾಗ ನನಗೆ ಏನೂ ಅನ್ನಿಸಲಿಲ್ಲ. ಇವತ್ತಿಗೂ ನೆನೆದರೆ ಎದೆ ಝಲ್ಲೆನ್ನುವುದು ಅದಕ್ಕೇ.

ಪೆಟ್ಟಿಗೆ ಅಂದರೆ ಆಂಪ್ಲಿಫೈಯರ್. ಬೇಸಿನ ತಂತಿ ತಾನಾಗಿ ಕೂಗುವುದಿಲ್ಲ, ಅದರ ದನಿಯೆಲ್ಲ ಪೆಟ್ಟಿಗೆಯಲ್ಲಿ. ನನ್ನದು ಎಪ್ಪತ್ತೊಂಬತ್ತರಲ್ಲಿ ಬೈರೂತ್ ಬಿಟ್ಟು ಹೋಗುತ್ತಿದ್ದ ಇಟಲಿಯವನೊಬ್ಬನಿಂದ ಕೊಂಡದ್ದು. ಒಳಗೆ ಗಾಜಿನ ವಾಲ್ವುಗಳು. ಎತ್ತಲು ಇಬ್ಬರು ಬೇಕು, ಬಿಸಿಯಾಗಲು ಹತ್ತು ನಿಮಿಷ ಬೇಕು. ಬಿಸಿಯಾಯಿತೆಂದರೆ ಅದರ ದನಿ ಕಿವಿಗಿಂತ ಮೊದಲು ಪಾದಕ್ಕೆ ತಾಗುತ್ತದೆ. ಕೆಟ್ಟಾಗಲೆಲ್ಲ ನಾನೇ ಬಿಚ್ಚಿ ನಾನೇ ರಿಪೇರಿ ಮಾಡಿಕೊಂಡವನು. ಶಾಲೆ ನಾಲ್ಕನೆಯ ಕ್ಲಾಸಿಗೇ ಮುಗಿದಿತ್ತು, ಆದರೆ ಬೆಸುಗೆ ಹಾಕುವುದನ್ನು ಅಪ್ಪನ ಅಂಗಡಿಯಲ್ಲಿ ಕಲಿತಿದ್ದೆ.

ಅದರ ಪ್ಲಗ್ಗಿನೊಳಗೆ ಮೂರು ತಂತಿ. ಎರಡು ಕರೆಂಟು ತರುತ್ತವೆ. ಮೂರನೆಯದು ಹಸಿರು. ಪೆಟ್ಟಿಗೆಯ ತಗಡಿಗೆ ಎಲ್ಲಿಂದಾದರೂ ಕರೆಂಟು ಸೋರಿದರೆ ಅದನ್ನು ನೆಲಕ್ಕೆ ಇಳಿಸುವುದು ಅದರ ಕೆಲಸ. ಗಿಟಾರಿನ ತಂತಿಗೂ ಪೆಟ್ಟಿಗೆಯ ತಗಡಿಗೂ ನೇರ ಸಂಬಂಧವಿದೆ, ಒಂದನ್ನು ಮುಟ್ಟಿದರೆ ಇನ್ನೊಂದನ್ನು ಮುಟ್ಟಿದ ಹಾಗೇ. ಹಸಿರು ತಂತಿ ಇಲ್ಲದಿದ್ದರೆ ತಗಡಿಗೆ ಸೋರಿದ ಕರೆಂಟು ಗಿಟಾರಿನ ತಂತಿಗೆ ಬರುತ್ತದೆ, ತಂತಿಯಿಂದ ಕೈಗೆ. ಆ ತಂತಿ ಹಿಡಿದುಕೊಂಡವನು ತುಟಿಯನ್ನು ಮೈಕಿಗೆ ತಾಗಿಸಿದರೆ ಮುಗಿಯಿತು. ಮೈಕು ನೆಲಕ್ಕೆ ಸೇರಿದ್ದು. ಕರೆಂಟು ಕೈಯಿಂದ ಹೊಕ್ಕು ಎದೆ ಹಾದು ಬಾಯಿಂದ ಹೊರಗೆ ಹೋಗುತ್ತದೆ.

ಇದು ನನಗೆ ಯಾರೋ ಹೇಳಿದ ವಿಷಯವಲ್ಲ. ಎಂಬತ್ತೈದರಲ್ಲಿ ಬ್ರುಮ್ಮಾನಾದ ಒಂದು ತೋಟದಲ್ಲಿ ಮದುವೆ. ಆಗತಾನೇ ನೀರು ಹಾಯಿಸಿದ ಹುಲ್ಲು. ತನ್ನೂಸ್‌ನ ತಮ್ಮ ಫರೀದ್ ಗಿಟಾರ್ ಹಿಡಿದು ಹಾಡುತ್ತಿದ್ದ. ಪೆಟ್ಟಿಗೆ ಜಮೀಲ್ ಎಂಬುವನದು. ಗುಂಯ್ ಎನ್ನುತ್ತದೆ ಎಂದು ಅವನು ಹಸಿರು ತಂತಿಯನ್ನು ಕತ್ತರಿಸಿಟ್ಟಿದ್ದ. ಎರಡನೆಯ ಹಾಡಿನಲ್ಲಿ ಫರೀದ್ ಮೈಕಿಗೆ ಬಾಯಿ ತಂದ, ಹಾಗೇ ನಿಂತುಬಿಟ್ಟ. ಕತ್ತು ಬಿಗಿಯಿತು, ಕಣ್ಣು ಮುಚ್ಚಿತು, ಬೆರಳು ಗಿಟಾರನ್ನು ಹಿಡಿದೇ ಇದ್ದವು. ಭಾವ ಉಕ್ಕಿ ಸ್ವರ ಹಿಡಿದು ನಿಂತಿದ್ದಾನೆ ಎಂದುಕೊಂಡು ಜನ ಚಪ್ಪಾಳೆ ಹೊಡೆದರು. ನಾನೂ ಹಾಗೇ ಅಂದುಕೊಂಡು ನುಡಿಸುತ್ತ ಹೋದೆ. ಅವನು ಬಿದ್ದ ಮೇಲೆ ಗೊತ್ತಾಯಿತು. ಇಪ್ಪತ್ತೆರಡು ವರ್ಷದವನು. ಜಮೀಲ್ ಊರು ಬಿಟ್ಟು ಸೈಪ್ರಸ್ಸಿಗೆ ಹೋದ. ನಮ್ಮಲ್ಲಿ ಯಾರೂ ಅವನ ಜೊತೆ ಮತ್ತೆ ಮಾತಾಡಲಿಲ್ಲ. ಬೀಳ್ಕೊಳ್ಳಲು ಬಂದವನ ಮುಖದ ಮೇಲೇ ನಾನು ಬಾಗಿಲು ಹಾಕಿದ್ದೆ.

ತನ್ನೂಸ್ ಬಹಳ ವರ್ಷ ಬ್ಯಾಂಡು ಕಟ್ಟಲಿಲ್ಲ. ಮತ್ತೆ ಕಟ್ಟಿದಾಗ ನನ್ನನ್ನು ಕರೆದು ಒಂದೇ ಮಾತು ಹೇಳಿದ: “ಹಾಡು, ಜನ, ಹೋಟೆಲಿನವರು, ಎಲ್ಲ ನಾನು ನೋಡ್ಕೋತೀನಿ. ವೈರು ನೀನು ನೋಡ್ಕೋ. ನಾನು ಅದರ ಕಡೆ ತಿರುಗಿಯೂ ನೋಡಲ್ಲ.” ಅವನು ನಿಜವಾಗಿಯೂ ನೋಡುತ್ತಿರಲಿಲ್ಲ. ಪ್ಲಗ್ಗು ಹಾಕುವಾಗ ಮುಖ ಬೇರೆ ಕಡೆ ತಿರುಗಿಸಿ ನಿಲ್ಲುತ್ತಿದ್ದ.

ಇಷ್ಟೆಲ್ಲ ಗೊತ್ತಿದ್ದೂ ನಾನೇ ಆ ಕೆಲಸ ಮಾಡಿದೆ.

ಹಿಂದಿನ ಚಳಿಗಾಲದಲ್ಲಿ ಹೋಟೆಲಿನವರು ಅಡಿಗೆಮನೆಗೆ ದೊಡ್ಡ ದೊಡ್ಡ ಫ್ರಿಜ್ಜು ತರಿಸಿದರು. ಆ ಮೋಟಾರುಗಳ ಗೊಣಗಾಟವೆಲ್ಲ ಹಸಿರು ತಂತಿ ಹಿಡಿದುಕೊಂಡು ನನ್ನ ಪೆಟ್ಟಿಗೆಯೊಳಗೆ ಬರತೊಡಗಿತು. ಹಾಡು ನಿಂತರೂ ಪೆಟ್ಟಿಗೆ ನಿಲ್ಲದು. ಹೋಟೆಲಿನ ಯಜಮಾನ ಮುಖ ಸಿಂಡರಿಸಿದ. ತನ್ನೂಸ್ ಮೈಕಿನಲ್ಲೇ ಶುರು ಮಾಡಿದ: “ನಮ್ಮ ಓನಿಗ್ ಉಸ್ತಾದ್ ಪೆಟ್ಟಿಗೆಯೊಳಗೆ ಜೇನು ಸಾಕಿದ್ದಾರೆ. ಹೋಗುವಾಗ ಎಲ್ಲರಿಗೂ ಒಂದೊಂದು ಬಾಟ್ಲಿ ಕೊಡ್ತಾರೆ.” ಜನ ನಕ್ಕರು. ಐದು ವಾರ ನಕ್ಕರು. ಆರನೆಯ ವಾರ ಮನೆಯಲ್ಲಿ ಪ್ಲಗ್ಗು ಬಿಚ್ಚಿ, ಹಸಿರು ತಂತಿಯನ್ನು ಕತ್ತರಿಸಿ, ತುದಿಗೆ ಟೇಪು ಸುತ್ತಿ ಮುಚ್ಚಿದೆ. ಭಾನುವಾರ ಪೆಟ್ಟಿಗೆ ಚರ್ಚಿನ ಹಾಗೆ ನಿಶ್ಶಬ್ದ. ತನ್ನೂಸ್ ನನ್ನ ಹಣೆಗೆ ಮುತ್ತು ಕೊಟ್ಟ. “ಏನು ಮಾಡ್ದೆ?” ಎಂದು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ.

ನಾನು ಹಾಡುವವನಲ್ಲ, ನನ್ನ ಬಾಯಿ ಮೈಕಿನ ಹತ್ತಿರ ಹೋಗುವುದೇ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಮೇ ತಿಂಗಳಲ್ಲಿ ಒಮ್ಮೆ ಗೇಟಿಗೆ ಅಡ್ಡ ನಿಂತಿದ್ದ ಕಾರಿನ ನಂಬರು ಹೇಳಲೆಂದು ತನ್ನೂಸ್‌ನ ಮೈಕಿಗೆ ಬಗ್ಗಿದಾಗ ತುಟಿಗೆ ಸೂಜಿ ಚುಚ್ಚಿದಂತಾಯಿತು. ಪೆಟ್ಟಿಗೆ ಸೋರುತ್ತಿತ್ತು. ಎಲ್ಲರೂ ಹೋದ ಮೇಲೆ ಹಳಬರೆಲ್ಲ ಮಾಡುವ ಹಾಗೆ ಒಂದು ಕೈಯಲ್ಲಿ ಬೇಸಿನ ತಂತಿ ಹಿಡಿದು, ಇನ್ನೊಂದರ ಅಂಗೈ ಹಿಂಭಾಗದಿಂದ ಮೈಕನ್ನು ಸವರಿ ನೋಡಿದೆ. ಸರ್ಕಾರದ ಕರೆಂಟಿದ್ದಾಗ ಏನೂ ಇಲ್ಲ. ಜನರೇಟರಿಗೆ ಬದಲಾದರೆ ಕಚ್ಚುತ್ತಿತ್ತು. ಆ ಹೋಟೆಲಿನಲ್ಲಿ ಜನರೇಟರಿನ ಎರಡು ತಂತಿಗಳನ್ನು ಅದಲು ಬದಲು ಮಾಡಿ ಜೋಡಿಸಿದ್ದರು. ಮೇಯಲ್ಲಿ ಜುಮ್ಮೆಂದದ್ದು ಜೂನಿನಲ್ಲಿ ಮೊಣಕೈವರೆಗೆ ಬಂತು. ಜುಲೈನಲ್ಲಿ ಮಂಡಿ ಕುಸಿಯಿತು. ಪೆಟ್ಟಿಗೆಗೆ ವಯಸ್ಸಾಗಿತ್ತು, ಉಪ್ಪುಗಾಳಿ ಬೇರೆ. ಬರುವ ಭಾನುವಾರ ಸರಿ ಮಾಡುತ್ತೇನೆ, ಅದರ ಮುಂದಿನ ಭಾನುವಾರ ಎನ್ನುತ್ತಲೇ ಆಗಸ್ಟು ಬಂತು. ಹಸಿರು ತಂತಿ ಮತ್ತೆ ಸೇರಿಸಿದರೆ ಗುಂಯ್ ಸದ್ದು ಬರುತ್ತದೆ. ಸದ್ದು ಬಂದರೆ ತನ್ನೂಸ್ ಈ ಸಲ ಕೇಳಿಯೇ ಕೇಳುತ್ತಾನೆ, ಇಷ್ಟು ದಿನ ಹೇಗೆ ಸುಮ್ಮನಿತ್ತು ಎಂದು.

ಮಾರಲ್ ಆ ಭಾನುವಾರ ಹನ್ನೆರಡಕ್ಕೇ ಬಂದಳು. ಇಪ್ಪತ್ತನಾಲ್ಕು ವರ್ಷ. ಅವಳ ಅಜ್ಜಿಯದು ಬುರ್ಜ್ ಹಮ್ಮೂದಿನಲ್ಲಿ ನಮ್ಮ ಮನೆಯ ಕೆಳಗೇ ಒಣಮಾಂಸದ ಅಂಗಡಿ. ಮೊದಲ ಸ್ವರಗಳನ್ನು ಅವಳಿಗೆ ತೋರಿಸಿಕೊಟ್ಟವನು ನಾನೇ. ತನ್ನ ಬೇಸನ್ನು ಹೆಗಲಿಗೆ ಹಾಕಿಕೊಂಡು ನನ್ನ ಪೆಟ್ಟಿಗೆಯನ್ನು ಒಂದು ಸುತ್ತು ಬಂದಳು.

“ಮಾಮ, ಇದನ್ನ ಮುಟ್ಟೋಕೇ ಭಯ. ನಮ್ಮಜ್ಜಿಗಿಂತ ವಯಸ್ಸಾಗಿದೆ ಇದಕ್ಕೆ.”

“ಅಜ್ಜಿ ಥರಾನೇ ನೋಡ್ಕೋ. ಗುಂಡಿ ಮೆಲ್ಲಗೆ ತಿರುಗಿಸು, ಬೈಯಲ್ಲ.”

“ಅಜ್ಜಿ ಮೆಲ್ಲಗೆ ಮಾತಾಡಿಸಿದ್ರೂ ಬೈತಾಳೆ.”

ನಕ್ಕೆವು. ತನ್ನೂಸ್ ಕೀಬೋರ್ಡಿನ ಹಿಂದೆ ಕೂತು ಹಾಡುವುದು, ಮಾರಲ್ ನುಡಿಸುವುದು ಮಾತ್ರ ಎಂದೇ ಮಾತಾಗಿತ್ತು. ವೇದಿಕೆಯ ಪಕ್ಕದ ಮೇಜಿಗೆ ಕೂತೆ. ಒಂದು ಗಂಟೆಗೆ ಶುರುವಾಯಿತು. ಹುಡುಗಿಯ ಕೈ ಚೆನ್ನಾಗಿತ್ತು, ನನಗಿಂತ ಹಗುರ. ಹುರಿದ ಮೀನು ಬಂತು, ಅರಕ್ ಬಂತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ನಮ್ಮ ಬ್ಯಾಂಡನ್ನು ಎದುರು ಕೂತು ಕೇಳಿದೆ. ಪರವಾಗಿಲ್ಲ, ನಾವು ಕೆಟ್ಟ ಬ್ಯಾಂಡೇನಲ್ಲ ಅನ್ನಿಸಿತು.

ಎರಡು ಗಂಟೆ ಹೊತ್ತಿಗೆ ತನ್ನೂಸ್ ಗಂಟಲು ಸರಿಮಾಡಿಕೊಂಡು ಮೈಕಿನಲ್ಲಿ ಹೇಳಿದ: “ಈ ಮುದುಕನ ದನಿ ಸಾಕು. ಇನ್ನು ಮೇಲೆ ಮಾರಲ್ ಹಾಡ್ತಾಳೆ. ಮಗುವಿನ ತಾತಂದಿರು ಸ್ವಲ್ಪ ಹುಷಾರಾಗಿರಿ!”

ಅವಳು ಮೈಕಿನ ಕಂಬವನ್ನು ತನ್ನ ಕಡೆ ಎಳೆದುಕೊಂಡಳು. ಎತ್ತರದ ಹಿಮ್ಮಡಿಯ ಚಪ್ಪಲಿ ತೊಟ್ಟು ನಿಲ್ಲಲಾಗದೆಯೋ ಏನೋ, ಅವನ್ನು ಕಳಚಿ ಪಕ್ಕಕ್ಕೆ ತಳ್ಳಿದಳು. ಸಮುದ್ರದಲ್ಲಿ ಆಡಿ ಬಂದ ಮಕ್ಕಳು ವೇದಿಕೆಯ ಮೇಲೆಲ್ಲ ನೀರು ಸುರಿಸಿಕೊಂಡು ಓಡಾಡಿದ್ದರು. ಅವಳ ಬರಿಗಾಲಿನ ಕೆಳಗೆ ಹಲಗೆ ಮಿರಮಿರ ಹೊಳೆಯುತ್ತಿತ್ತು. ಕೈಯಲ್ಲಿ ತಂತಿ. ಬಾಯಿ ಮೈಕಿನ ಮೇಲೆ. ಈ ಕಾಲದ ಹುಡುಗಿಯರು ಹಾಡುವಾಗ ಮೈಕನ್ನು ತಿನ್ನುವ ಹಾಗೆಯೇ ಹಾಡುತ್ತಾರೆ.

ಕೈಯಲ್ಲಿದ್ದ ಮೀನನ್ನು ತಟ್ಟೆಗೆ ಹಾಕಿದೆ.

ಗೋಡೆಯ ಗಡಿಯಾರ ನೋಡಿದೆ. ಎರಡೂ ಐದು. ಆ ವಾರ ಸರ್ಕಾರದ ಕರೆಂಟು ಹೋಗುವುದು ಮೂರಕ್ಕೆ. ಅಲ್ಲಿಯವರೆಗೆ ಅವಳಿಗೆ ಏನೂ ಆಗುವುದಿಲ್ಲ. ಎರಡೂಮುಕ್ಕಾಲಿಗೆ ಬಿಡುವು ಇದ್ದೇ ಇರುತ್ತದೆ, ಹನ್ನೊಂದು ವರ್ಷದಿಂದ ಇದೆ. ಜೇಬಿನಲ್ಲಿ ಸ್ಕ್ರೂಡ್ರೈವರ್ ಇದೆ. ಬಿಡುವಿನಲ್ಲಿ ವೇದಿಕೆಯ ಹಿಂದಕ್ಕೆ ಹೋಗಿ ಪ್ಲಗ್ಗು ಬಿಚ್ಚಿ ಹಸಿರು ತಂತಿ ಸೇರಿಸಿಬಿಟ್ಟರೆ ಐದು ನಿಮಿಷದ ಕೆಲಸ. ಯಾರಿಗೂ ತಿಳಿಯುವುದಿಲ್ಲ. ಬಲಗೈ ಚೆನ್ನಾಗಿಯೇ ಇದೆ. ಹೀಗೆ ಲೆಕ್ಕ ಹಾಕಿಕೊಂಡು ಕೂತೆ.

ಹಾಡು ಮುಗಿದಾಗ ಎದ್ದು ವೇದಿಕೆಯ ಅಂಚಿಗೆ ಹೋದೆ.

“ಮಾರಲ್, ಚಪ್ಪಲಿ ಹಾಕ್ಕೋಮ್ಮ. ನೆಲ ಒದ್ದೆ ಇದೆ.”

“ಅದರಲ್ಲಿ ನಿಂತ್ರೆ ಬೀಳ್ತೀನಿ ಮಾಮ.”

“ನನ್ನ ಬೂಟು ಕೊಡ್ಲಾ?”

ಅವಳು ನನ್ನ ಬೂಟು ನೋಡಿ ಬಿದ್ದು ಬಿದ್ದು ನಕ್ಕಳು. “ನಲವತ್ತೈದು ನಂಬರ್! ಅದರೊಳಗೆ ನಾನು ಸಂಸಾರ ಮಾಡಬಹುದು.”

“ಹೋಗಲಿ, ಮೈಕಿಂದ ಒಂದು ಗೇಣು ದೂರ ನಿಂತು ಹಾಡು. ಕೇಳಿಸುತ್ತೆ.”

“ಯಾಕೆ, ಕಿರುಚ್ತಿದೀನಾ?”

“ಇಲ್ಲ, ಇಲ್ಲ...”

“ಲೋ,” ಎಂದ ತನ್ನೂಸ್ ಕೀಬೋರ್ಡಿನ ಹಿಂದಿನಿಂದ. “ಅವಳೇನು ನಿನ್ನ ಕೆಲಸ ಕಿತ್ಕೊಳ್ಳಲ್ಲ ಕಣೋ. ಸುಮ್ನೆ ಕೂತು ಮೀನು ತಿನ್ನು.”

ಡ್ರಮ್ಮಿನ ಝೇನೊ ಒಂದು ಪೆಟ್ಟು ಹಾಕಿ ನಗಿಸಿದ. ಮಾರಲ್ ನಗಲಿಲ್ಲ, ನನ್ನ ಮುಖ ನೋಡಿದಳು. ಹೊಟ್ಟೆಕಿಚ್ಚು ಎಂದುಕೊಂಡಳೆಂದು ಕಾಣುತ್ತದೆ. ಕಲಿಸಿದವನಿಗೆ ಹೊಟ್ಟೆಕಿಚ್ಚು ಎಂದು ಬೇಜಾರಾಯಿತೋ ಏನೋ, ಮುಂದಿನ ಹಾಡನ್ನು ಮೈಕಿಗೆ ಇನ್ನೂ ಅಂಟಿಕೊಂಡು ಹಾಡಿದಳು.

ನಾನು ಅಡಿಗೆಮನೆಗೆ ಹೋದೆ. ಪಾತ್ರೆ ತೊಳೆಯುವಾಕೆಯನ್ನು ಕೇಳಿ ಹೊಸ ಸ್ಪಂಜೊಂದನ್ನು ಈಸಿಕೊಂಡು, ನಡುವೆ ಗೂಡು ತೋಡತೊಡಗಿದೆ. ಮೈಕಿಗೆ ಸ್ಪಂಜಿನ ಟೊಪ್ಪಿ ಹಾಕಿದರೆ ತುಟಿ ಲೋಹಕ್ಕೆ ತಾಗುವುದಿಲ್ಲ. ಅದು ಹಳೆಯ ಉಪಾಯ. ಒಂದೇ ಕೈಯಲ್ಲಿ ಚಾಕು ಹಿಡಿದು ತೋಡುವುದನ್ನು ಕಂಡು ಆ ಹೆಂಗಸು, “ಅಯ್ಯೋ ಕೊಡಿ ಯಜಮಾನ್ರೇ, ಇನ್ನೊಂದು ಕೈನೂ ಕತ್ತರಿಸ್ಕೋತೀರಿ,” ಎಂದು ತಾನೇ ಮಾಡಿಕೊಟ್ಟಳು. ಹಾಡುಗಳ ನಡುವೆ ಹೋಗಿ ಟೊಪ್ಪಿಯನ್ನು ಮೈಕಿಗೆ ಹಾಕಿದೆ. ಗಾಳಿ ಸದ್ದು ಬರುತ್ತಿದೆ, ಅದಕ್ಕೇ ಎಂದೆ. ಎರಡು ಸಾಲು ಹಾಡುವಷ್ಟರಲ್ಲಿ ತನ್ನೂಸ್ ಕೈ ಬೀಸಿದ.

“ತೆಗೀ ಅದನ್ನ! ಕಂಬಳಿ ಹೊದ್ದು ಹಾಡಿದ ಹಾಗಿದೆ.”

“ಸೋಪಿನ ವಾಸನೆ ಬೇರೆ,” ಎಂದು ಮಾರಲ್ ಅದನ್ನು ಕಿತ್ತು ನನ್ನ ಕಡೆಗೇ ಎಸೆದಳು. ಮಗುವಿನ ಚಿಕ್ಕಪ್ಪ ಒಬ್ಬ ಅದನ್ನು ಹಿಡಿದು ತಲೆಯ ಮೇಲಿಟ್ಟುಕೊಂಡು ಕುಣಿದ. ಎಲ್ಲರೂ ನಕ್ಕರು.

ಎರಡೂಕಾಲು. ಎರಡೂ ಇಪ್ಪತ್ತು. ಜನ ಎದ್ದು ಕೈ ಕೈ ಹಿಡಿದು ಸಾಲು ಕಟ್ಟಿದರು. ದಬ್ಕೆ ಕುಣಿತ ಶುರುವಾಯಿತು. ತನ್ನೂಸ್ ಹಣೆ ಒರೆಸಿಕೊಂಡು ಕೂಗಿದ: “ಇವತ್ತು ಬಿಡುವು ಗಿಡುವು ಇಲ್ಲ! ಬಿಸಿ ಆರಬಾರದು! ನಾಲ್ಕರವರೆಗೆ ಒಂದೇ ಓಟ!”

ಆಗ ನನಗೆ ನಿಜವಾಗಿ ಭಯವಾಯಿತು. ಅದುವರೆಗೆ ಭಯದ ಜೊತೆಗೆ ಉಪಾಯವಿತ್ತು, ಈಗ ಉಪಾಯ ಹೋಗಿ ಭಯ ಒಂದೇ ಉಳಿಯಿತು. ಮೂರರವರೆಗೆ ಇನ್ನೂ ನಲವತ್ತು ನಿಮಿಷವಿದೆ ಎಂದು ಮನಸ್ಸು ಹೇಳುತ್ತಿತ್ತು. ಏಳು, ಹೋಗು, ಹೇಳು ಎಂದೂ ಹೇಳುತ್ತಿತ್ತು. ಹೇಳುವುದು ಮೂರೇ ಮಾತು. ಆದರೆ ತನ್ನೂಸ್‌ನ ಮುಖ ನೋಡಿದೆ. ಬೆವರಿ, ನಕ್ಕು, ಅರವತ್ತೆಂಟರ ವಯಸ್ಸಿನಲ್ಲಿ ಚಿಕ್ಕವನ ಹಾಗೆ ಹೆಗಲು ಕುಣಿಸುತ್ತಿದ್ದ. ಆ ಮುಖಕ್ಕೆ ಹೋಗಿ, ನಿನ್ನ ತಮ್ಮನನ್ನು ಕೊಂದ ಕೆಲಸವನ್ನೇ ನಾನೂ ಮಾಡಿದ್ದೇನೆ, ಎಂಟು ತಿಂಗಳಿಂದ ನಿನ್ನ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ ಎಂದು ಹೇಗೆ ಹೇಳುವುದು? ಈ ಹಾಡು ಮುಗಿಯಲಿ, ಹೋಗಿ ಪ್ಲಗ್ಗನ್ನೇ ಕಿತ್ತುಬಿಡುತ್ತೇನೆ, ಕೆಟ್ಟುಹೋಯಿತು ಎಂದು ಸುಳ್ಳು ಹೇಳುತ್ತೇನೆ ಎಂದು ತೀರ್ಮಾನಿಸಿದೆ. ಈ ಒಂದು ಹಾಡು ಮುಗಿಯಲಿ.

ಹಾಡಿನ ನಡುವೆ ಫ್ಯಾನು ನಿಂತಿತು.

ಎರಡೂ ಮೂವತ್ತೈದು. ಮೂರಾಗಿರಲಿಲ್ಲ. ಕರೆಂಟು ಅವತ್ತು ಮುಂಚೆಯೇ ಹೋಯಿತು.

ನಮ್ಮ ಕಡೆ ಕರೆಂಟು ಹೋದರೆ ಯಾವ ಬ್ಯಾಂಡೂ ನಿಲ್ಲುವುದಿಲ್ಲ. ಡ್ರಮ್ಮು ಹೊಡೆಯುತ್ತಲೇ ಇರುತ್ತದೆ, ಜನ “ಹೋ!” ಎಂದು ಕೂಗಿ ಚಪ್ಪಾಳೆಯಲ್ಲಿ ತಾಳ ಹಾಕುತ್ತಾರೆ, ಉಳಿದವರು ಸದ್ದಿಲ್ಲದ ತಂತಿಯ ಮೇಲೂ ಬೆರಳಾಡಿಸುತ್ತಲೇ ಇರುತ್ತಾರೆ. ಕರೆಂಟು ಬಂದ ಕ್ಷಣಕ್ಕೆ ಹಾಡು ಅಲ್ಲೇ ಇರಬೇಕು, ಒಂದು ತಾಳವೂ ಕಳೆದುಹೋಗಕೂಡದು. ಅದು ನಮ್ಮ ಹೆಮ್ಮೆ. ತನ್ನೂಸ್ ಮೈಕಿಗೂ ಒಂದು ಸ್ಪೀಕರಿಗೂ ಬ್ಯಾಟರಿ ಹಾಕಿಸಿದ್ದ. ಹಾಗಾಗಿ ಮಾರಲ್‌ಳ ದನಿ ನಿಲ್ಲಲಿಲ್ಲ. ಪೆಟ್ಟಿಗೆಯ ಕೆಂಪು ದೀಪ ಆರಿತ್ತು. ಅವಳು ಕಣ್ಣು ಮುಚ್ಚಿ ಮೈಕಿಗೆ ತುಟಿಯಿಟ್ಟು ಹಾಡುತ್ತಿದ್ದಳು. ಬಲಗೈ ಮೂಕ ತಂತಿಗಳನ್ನು ಮೀಟುತ್ತಲೇ ಇತ್ತು. ನಾನು ಕಲಿಸಿದ ಹಾಗೇ.

ಜನರೇಟರ್ ಹತ್ತಿಕೊಳ್ಳಲು ಆ ಹೋಟೆಲಿನಲ್ಲಿ ಹದಿನಾರು ತಾಳ. ನಲವತ್ತು ವರ್ಷ ಎಣಿಸುವುದೇ ಕೆಲಸವಾದವನಿಗೆ ಎಣಿಕೆ ತಾನಾಗಿ ನಡೆಯುತ್ತದೆ. ಒಂದು, ಎರಡು. ಎದ್ದೆ. ಕುರ್ಚಿ ಹಿಂದಕ್ಕೆ ಬಿತ್ತು. ನಾಲ್ಕು. ದಬ್ಕೆಯ ಸಾಲು ಎದುರಿಗೆ ಬಂತು. ಯಾರೋ ನನ್ನ ಕೈ ಹಿಡಿದು ಸಾಲಿಗೆ ಎಳೆದುಕೊಂಡರು. “ಬನ್ನಿ ತಾತ!” ಕಟ್ಟು ಹಾಕಿದ ಬೆರಳು ಹಿಂಡಿತು. ಕೊಸರಿಕೊಂಡೆ. ಏಳು, ಎಂಟು. ಕೂಗಿದ್ದರೂ ಆ ಚಪ್ಪಾಳೆಯಲ್ಲಿ ಕೇಳುತ್ತಿರಲಿಲ್ಲ. ಪ್ಲಗ್ಗು ವೇದಿಕೆಯ ಹಿಂದೆ, ಹಲಗೆಯ ಆಚೆ. ಅಲ್ಲಿಗೆ ಹೊತ್ತಿಲ್ಲ. ಹನ್ನೊಂದು. ಮೆಟ್ಟಿಲು ಬಿಟ್ಟು ವೇದಿಕೆಗೆ ಮಂಡಿಯೂರಿ ಹತ್ತಿದೆ. ಅಡಿಗೆಮನೆಯ ಹಿಂದೆ ಜನರೇಟರ್ ಕೆಮ್ಮಿದ್ದು ಕೇಳಿಸಿತು. ಹದಿಮೂರು. ಅವಳ ಮುಚ್ಚಿದ ಕಣ್ಣು, ಬಿಗಿದ ಕತ್ತು, ಮೈಕಿನ ಮೇಲೆ ಒತ್ತಿದ ತುಟಿ ಕಂಡವು. ಅದು ಮಾರಲ್‌ಳ ಮುಖವೆಂದು ನನಗೆ ಅನ್ನಿಸಲಿಲ್ಲ. ಬ್ರುಮ್ಮಾನಾದ ತೋಟದ ಮುಖ ಅದು.

ಬಲ ಮೊಣಕೈಯಿಂದ ಮೈಕಿನ ಕಂಬಕ್ಕೆ ಹೊಡೆದೆ.

ಕಂಬ ಉರುಳಿತು. ಮೈಕು ಹಲಗೆಗೆ ಬಡಿದು ಸ್ಪೀಕರು ಗುಂಡು ಹೊಡೆದಂತೆ ಸದ್ದು ಮಾಡಿತು. ಅದೇ ಹೊತ್ತಿಗೆ ಫ್ಯಾನು ತಿರುಗಿತು, ಪೆಟ್ಟಿಗೆಯ ಕೆಂಪು ದೀಪ ಹತ್ತಿತು. ಡ್ರಮ್ಮು ನಿಂತಿತು. ಚಪ್ಪಾಳೆ ಅಲ್ಲೊಂದು ಇಲ್ಲೊಂದು ಬಿದ್ದು ನಿಂತವು.

“ಮಾಮ!” ಎಂದಳು ಮಾರಲ್. ಕಂಬದ ಅಂಚು ತಾಗಿ ಅವಳ ತುಟಿಯಲ್ಲಿ ಒಂದು ಹನಿ ರಕ್ತ ಬಂದಿತ್ತು.

“ಹುಚ್ಚು ಹಿಡೀತೇನೋ ನಿನಗೆ?” ತನ್ನೂಸ್ ಎದ್ದು ನಿಂತಿದ್ದ. “ಹುಡುಗಿ ಮೇಲೆ ಕೈ ಮಾಡ್ತೀಯಾ? ಅವಳು ನಿನಗಿಂತ ಚೆನ್ನಾಗಿ ನುಡಿಸಿದ್ಳು ಅಂತಲಾ?”

“ಮುದುಕನಿಗೆ ಅರಕ್ ಜಾಸ್ತಿ ಆಯ್ತು,” ಎಂದರು ಯಾರೋ ಕೆಳಗೆ.

ಮಾರಲ್‌ಳ ಕಣ್ಣಲ್ಲಿ ನೀರು ತುಂಬಿತ್ತು. ಸಿಟ್ಟಿನ ನೀರು. ಎಡಗೈಯಲ್ಲಿ ಬೇಸಿನ ಕುತ್ತಿಗೆಯನ್ನು ತಂತಿ ಸಮೇತ ಬಿಗಿಹಿಡಿದು, ಬಲಗೈ ಚಾಚಿ ಮೈಕೆತ್ತಲು ಬಗ್ಗಿದಳು. ನಾನು ಮೈಕಿನ ಮೇಲೆ ಬೂಟುಗಾಲು ಇಟ್ಟುಬಿಟ್ಟೆ.

“ಮುಟ್ಬೇಡ! ಹಸಿರು ತಂತಿ ಇಲ್ಲ ಪೆಟ್ಟಿಗೆಗೆ! ನಾನೇ ಕತ್ತರಿಸಿದ್ದೀನಿ!”

ಅರವತ್ತು ಜನಕ್ಕೆ ಆ ಮಾತು ಅರ್ಥವಾಗಲಿಲ್ಲ. ಒಬ್ಬನಿಗೆ ಆಯಿತು. ತನ್ನೂಸ್ ವೇದಿಕೆಯಿಂದ ಇಳಿದು ಒಂದು ಮೇಜಿನಿಂದ ಕೈ ಒರೆಸುವ ದಪ್ಪ ಬಟ್ಟೆ ತೆಗೆದುಕೊಂಡು ಬಂದ.

“ಕಾಲು ತೆಗಿ,” ಎಂದ ನನಗೆ. ಮಾರಲ್‌ಗೆ, “ಮಗಳೇ, ಎರಡೂ ಕೈ ಮೇಲೆತ್ತು. ತಂತಿ ಮುಟ್ಬೇಡ,” ಎಂದ.

ಅವಳು ಕೈಯೆತ್ತಿದಳು. ಬೇಸು ಪಟ್ಟಿಯಿಂದ ಅವಳ ಹೊಟ್ಟೆಯ ಮುಂದೆ ತೂಗಾಡುತ್ತಿತ್ತು. ಅವನು ಬಟ್ಟೆ ಸುತ್ತಿ ಮೈಕನ್ನೆತ್ತಿ, ಅದರ ಜಾಲರಿಯನ್ನು ಮೆಲ್ಲಗೆ ತಂತಿಗೆ ತಾಗಿಸಿದ. ಚಟ್ಟೆಂದು ನೀಲಿ ಕಿಡಿ ಹಾರಿತು. ಸ್ಪೀಕರು ಸಿಡಿದಂತೆ ಸದ್ದಾಗಿ ಮಗು ಚೀರಿ ಅಳತೊಡಗಿತು.

ತನ್ನೂಸ್ ಮೈಕನ್ನು ಕೆಳಗಿಟ್ಟ. ಝೇನೊಗೆ ಪ್ಲಗ್ಗು ಕೀಳಲು ಹೇಳಿದ. ಆಮೇಲೆ ಜನರ ಕಡೆ ತಿರುಗಿ ನಕ್ಕ. ಆ ನಗು ಎಲ್ಲಿಂದ ತಂದನೋ. “ವೈರು ಸ್ವಲ್ಪ ಹಳೇದು. ಐದು ನಿಮಿಷ ಕೊಡಿ. ಸಿಹಿ ತಿನ್ನಿ, ಅಷ್ಟರಲ್ಲಿ ಬಂದೆ.”

ನಾನು ಅಡಿಗೆಮನೆಯ ಹಿಂದಕ್ಕೆ ಹೋಗಿ ಮಂಜುಗಡ್ಡೆಯ ಡಬ್ಬವೊಂದರ ಮೇಲೆ ಕೂತೆ. ಅಲ್ಲೇ ಜನರೇಟರ್ ಅಬ್ಬರಿಸುತ್ತಿತ್ತು, ಮಾತಾಡಬೇಕೆಂದರೆ ಕೂಗಬೇಕು. ತನ್ನೂಸ್ ಬಂದವನು ಕೂಗಲಿಲ್ಲ. ಕಿವಿಯ ಹತ್ತಿರಕ್ಕೇ ಬಗ್ಗಿದ.

“ಯಾವಾಗ ಕತ್ತರಿಸಿದ್ದು?”

“ಚಳಿಗಾಲದಲ್ಲಿ. ಸದ್ದು ಬರ್ತಿತ್ತಲ್ಲ, ಆಗ.”

“ಕಚ್ಚುತ್ತೆ ಅಂತ ಗೊತ್ತಿತ್ತಾ?”

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬಂದೂ ಇತ್ತು.

“ಮೇ ತಿಂಗಳಿಂದ ಗೊತ್ತು,” ಎಂದೆ.

ಅವನು ನೆಟ್ಟಗೆ ನಿಂತ. ನೆಲದ ಮೇಲೆ ಬಿದ್ದಿದ್ದ ಮೀನಿನ ಹುರುಪೆಯನ್ನು ಬೂಟಿನ ತುದಿಯಿಂದ ಕೆದಕಿದ. ಮತ್ತೆ ಬಗ್ಗಿದ.

“ಜಮೀಲ್‌ಗೆ ಗೊತ್ತಿರಲಿಲ್ಲ ಕಣೋ. ಆ ತಂತಿ ಯಾತಕ್ಕೆ ಅಂತಾನೇ ಗೊತ್ತಿರಲಿಲ್ಲ ಅವನಿಗೆ. ನನ್ನ ಕಾಲು ಹಿಡ್ಕೊಂಡು ಅತ್ತಿದ್ದ. ನಾನು ಒದ್ದಿದ್ದೆ.” ಉಸಿರು ಬಿಟ್ಟ. “ನಿನಗೆ ಗೊತ್ತಿತ್ತು.”

“ತನ್ನೂಸ್...”

“ನಾನು ಆ ಕಡೆ ತಿರುಗಿಯೂ ನೋಡ್ಲಿಲ್ಲವಲ್ಲೋ. ನೀನು ಇದ್ದೀಯ ಅಂತ.”

ಬೈದಿದ್ದರೆ ಆಗುತ್ತಿತ್ತು. ಅವನು ಬೈಯಲಿಲ್ಲ. ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಹಾಡು ಮತ್ತೆ ಶುರುವಾಯಿತು, ತನ್ನೂಸ್‌ನದೇ ದನಿ. ಬೇಸ್ ಇರಲಿಲ್ಲ. ಕೀಬೋರ್ಡಿನಲ್ಲೇ ಎಡಗೈಯಿಂದ ಕೆಳಗಿನ ಸ್ವರ ಒತ್ತುತ್ತಿದ್ದ. ಜನರಿಗೆ ವ್ಯತ್ಯಾಸ ತಿಳಿದಿರಲಾರದು. ಮುಂದಿನ ಭಾನುವಾರ ನನ್ನನ್ನು ಕರೆಯುವುದಿಲ್ಲ ಎಂದು ಗೊತ್ತಾಯಿತು. ಯಾವ ಭಾನುವಾರವೂ ಕರೆಯುವುದಿಲ್ಲ.

ಮಾರಲ್ ಬಂದಳು. ಚಪ್ಪಲಿ ಹಾಕಿಕೊಂಡಿದ್ದಳು. ತುಟಿಗೆ ಒಂದು ತುಂಡು ಮಂಜುಗಡ್ಡೆ ಒತ್ತಿ ಹಿಡಿದು ನನ್ನೆದುರಿಗೆ ನಿಂತಳು.

“ಸಾಯ್ತಿದ್ನಾ ಮಾಮ?”

“ಗೊತ್ತಿಲ್ಲಮ್ಮ.”

“ಗೊತ್ತಿಲ್ಲ ಅಂದ್ರೆ?”

“ಬರೀ ಜುಮ್ ಅಂದು ಬಿಟ್ಟಿದ್ರೂ ಬಿಡಬಹುದಿತ್ತು. ಕೈ ಬಿಡದೇ ಹೋಗಿದ್ರೆ...” ಮುಂದೆ ಹೇಳಲಾಗಲಿಲ್ಲ.

“ಚಪ್ಪಲಿ ಹಾಕ್ಕೋ ಅಂದ್ರಿ. ದೂರ ನಿಲ್ಲು ಅಂದ್ರಿ. ಸ್ಪಂಜು ತಂದ್ರಿ.” ಒಂದೊಂದಕ್ಕೂ ಅವಳ ದನಿ ಏರಿತು. “ಅದನ್ನೊಂದು ಬಿಟ್ಟು ಎಲ್ಲ ಹೇಳಿದ್ರಿ. ಬಾಯಿಬಿಟ್ಟು ಅಷ್ಟು ಹೇಳೋಕೇನಾಗಿತ್ತು ನಿಮಗೆ?”

“ಭಯ ಆಯ್ತು.”

“ಯಾರಿಗೆ? ನಿಮಗಾ?” ಎಂದಳು.

ಅವಳು ಇನ್ನೂ ಏನೋ ಹೇಳಲು ಹೊರಟು ನಿಂತಳು. ಮಂಜುಗಡ್ಡೆ ಕೈಯಿಂದ ಜಾರಿತು. ತನ್ನ ಮಂಡಿಗಳನ್ನೇ ಆಶ್ಚರ್ಯದಿಂದ ನೋಡಿಕೊಂಡಳು. ಅವು ನಡುಗುತ್ತಿದ್ದವು. ಇಷ್ಟು ಹೊತ್ತು ಇಲ್ಲದ್ದು ಈಗ ಅವಳ ಮೈಗೆ ಇಳಿದಿತ್ತು. ಪಕ್ಕದ ಡಬ್ಬದ ಮೇಲೆ ಕುಸಿದು, ಎರಡು ಕೈಗಳನ್ನೂ ಕಂಕುಳಲ್ಲಿ ಸೇರಿಸಿಕೊಂಡು, ಹಲ್ಲು ಕಟಕಟ ಎನ್ನುತ್ತ ಕೂತಳು. ಆಗಸ್ಟಿನ ಬಿಸಿಲಲ್ಲಿ.

ನಾನು ಅವಳ ಹೆಗಲ ಕಡೆಗೆ ಕೈ ಚಾಚಿದೆ. ಅವಳು ಸರಿದಳು.

“ಮುಟ್ಬೇಡಿ.”

ಕೈ ಹಿಂದಕ್ಕೆ ತೆಗೆದುಕೊಂಡೆ. ಏಳಲು ಹೊರಟೆ.

“ಹೋಗ್ಲೂ ಬೇಡಿ,” ಎಂದಳು.

ಕೂತೆ. ನಾಲ್ಕು ಗಂಟೆಗೆ ಪ್ರೋಗ್ರಾಂ ಮುಗಿಯುವವರೆಗೂ ಇಬ್ಬರೂ ಅಲ್ಲೇ ಕೂತಿದ್ದೆವು, ನಡುವೆ ಒಂದು ಡಬ್ಬದಷ್ಟು ಜಾಗ ಬಿಟ್ಟು.